ಇತಿಹಾಸ ಪದವೀಧರರ ಮುಂದಿರುವ ದಾರಿಗಳು

ಭದ್ರಾವತಿಯ ಮನೆಗಳಲ್ಲಿ ಮಕ್ಕಳ ಭವಿಷ್ಯದ ಪ್ರಶ್ನೆಗೆ ಒಂದು ಕಾಲಕ್ಕೆ ಸಿದ್ಧ ಉತ್ತರವಿತ್ತು: ಕಬ್ಬಿಣದ ಕಾರ್ಖಾನೆ, ಇಲ್ಲವೆ ಕಾಗದದ ಕಾರ್ಖಾನೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೊದಲನೆಯದಕ್ಕೆ ಇಂದು ಹಿಂದಿನ ವೈಭವವಿಲ್ಲ. 1936ರಲ್ಲಿ ಸ್ಥಾಪಿತವಾದ ಎರಡನೆಯದರ ಯಂತ್ರಗಳು 2015ರ ಸುಮಾರಿಗೆ ಸ್ತಬ್ಧವಾದವು. ಇಂತಹ ಊರಿನಲ್ಲಿ ಮಗನಾಗಲಿ ಮಗಳಾಗಲಿ ಪದವಿಗೆ ಇತಿಹಾಸವನ್ನು ಆರಿಸಿಕೊಂಡರೆ ತಂದೆತಾಯಿಗಳು ಕಳವಳಗೊಳ್ಳುವುದು ಸಹಜ. ರಾಜರ ಕಥೆ ಓದಿ ಹೊಟ್ಟೆ ತುಂಬೀತೆ ಎಂಬ ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಎಲ್ಲರಿಗೂ ಮೊದಲು ಕಾಣುವ ದಾರಿ ಅಧ್ಯಾಪನ. ಪ್ರೌಢಶಾಲೆಗೆ ಬಿ.ಎಡ್. ಅವಶ್ಯಕ, ಕಾಲೇಜಿಗೆ ಎಂ.ಎ. ಪದವಿಯೊಡನೆ ನೆಟ್ ಅಥವಾ ಕೆ-ಸೆಟ್‌ನಂತಹ ಅರ್ಹತೆ ಬೇಕು. 1987ರಲ್ಲಿ ಸ್ಥಾಪನೆಗೊಂಡ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಇರುವುದರಿಂದ ಸ್ನಾತಕೋತ್ತರ ವ್ಯಾಸಂಗಕ್ಕೆ ದೂರದ ಊರಿನ ವೆಚ್ಚವಿಲ್ಲ. ಆದರೆ ಅರ್ಹತೆ ದೊರೆತೊಡನೆ ಹುದ್ದೆ ದೊರೆಯುವುದಿಲ್ಲ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯುತ್ತಿರುವವರು ಅನೇಕರು.

ಎರಡನೆಯದು ಸ್ಪರ್ಧಾತ್ಮಕ ಪರೀಕ್ಷೆಗಳ ದಾರಿ. ಲೋಕಸೇವಾ ಆಯೋಗಗಳ ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ಇತಿಹಾಸಕ್ಕೆ ಸ್ಥಾನವಿದೆ; ಕೇಂದ್ರದ ಮುಖ್ಯ ಪರೀಕ್ಷೆಯಲ್ಲಿ ಅದನ್ನು ಐಚ್ಛಿಕ ವಿಷಯವಾಗಿಯೂ ಆಯ್ದುಕೊಳ್ಳಬಹುದು.

ಮೂರನೆಯದು, ಹೆಚ್ಚು ಜನ ಗಮನಿಸದ ದಾರಿ: ಪ್ರಾಚ್ಯವಸ್ತು, ಶಾಸನ ಮತ್ತು ದಾಖಲೆಗಳ ರಕ್ಷಣೆ. ಶಿವಮೊಗ್ಗ ಜಿಲ್ಲೆಯ ಶಾಸನಗಳಿಗಾಗಿಯೇ ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ಸಂಪುಟಗಳನ್ನು ಹೊರತಂದರು. ತಾಳಗುಂದ, ಬಳ್ಳಿಗಾವಿ, ಕೆಳದಿ, ಇಕ್ಕೇರಿಗಳು ಈ ಜಿಲ್ಲೆಯವೇ. ಶಿವಮೊಗ್ಗ ನಗರದಲ್ಲಿ ಶಿವಪ್ಪನಾಯಕನ ಅರಮನೆ ವಸ್ತುಸಂಗ್ರಹಾಲಯವಾಗಿದೆ. ಭದ್ರಾವತಿಯಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದೆ. ರಾಜ್ಯದ ಪುರಾತತ್ವ ಇಲಾಖೆ ಮತ್ತು ಕೇಂದ್ರದ ಶಾಸನ ವಿಭಾಗಗಳು ಮೈಸೂರಿನಲ್ಲಿಯೂ, ರಾಜ್ಯ ಪತ್ರಾಗಾರವು ಬೆಂಗಳೂರಿನಲ್ಲಿಯೂ ಇವೆ. ಇಲ್ಲಿ ಹುದ್ದೆಗಳು ಕೆಲವೇ. ಹಳಗನ್ನಡವನ್ನೂ ಹಳೆಯ ಲಿಪಿಯನ್ನೂ ಓದಬಲ್ಲವರು ಅದಕ್ಕಿಂತ ಕಡಮೆ. ಪದವಿಯ ದಿನಗಳಲ್ಲಿಯೇ ಈ ವಿದ್ಯೆಯನ್ನು ಕೈವಶ ಮಾಡಿಕೊಂಡವನಿಗೆ ಸಂಶೋಧನೆ, ಗ್ರಂಥಸಂಪಾದನೆ, ಪ್ರವಾಸಿ ಮಾರ್ಗದರ್ಶನಗಳಲ್ಲಿಯೂ ಅದು ಒದಗಿಬರುತ್ತದೆ. ಪದವಿಪತ್ರವೊಂದೇ ಸಾಲದು; ಅದರೊಡನೆ ಕೈಕಸುಬೊಂದು ಇರಬೇಕೆಂಬುದೇ ಇದರ ತಾತ್ಪರ್ಯ.

ಇನ್ನೊಂದು ಕೆಲಸವಂತೂ ಕಾಯುವಂತಹುದಲ್ಲ. ಭದ್ರಾವತಿಯ ಕಾರ್ಖಾನೆಗಳೇ ಈಗ ಇತಿಹಾಸದ ವಸ್ತುವಾಗಿವೆ. ಅಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಳೆಯ ಪತ್ರಗಳು, ಛಾಯಾಚಿತ್ರಗಳು ಅವರ ಪೆಟ್ಟಿಗೆಗಳಲ್ಲಿವೆ. ಅವನ್ನು ಕೇಳಿ ಬರೆದಿಡಬಲ್ಲವರು ಇತಿಹಾಸದ ವಿದ್ಯಾರ್ಥಿಗಳೇ. ಅಂತಹ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಅನ್ನ, ವಸತಿ, ಪ್ರಯಾಣಗಳ ಭಾರವನ್ನು ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಹೊತ್ತರೆ, ಅವನ ಬಾಳಿಗೂ ದಾರಿಯಾದೀತು, ಊರಿನ ನೆನಪೂ ಉಳಿದೀತು.