ಆಸ್ಪತ್ರೆಯಲ್ಲಿ ನಿಯಮಯಂತ್ರ

ಯಂತ್ರವೆಂದೊಡನೆ ಚಕ್ರ, ಪಟ್ಟಿ, ಹೊಗೆ ಇವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ನಾನಿಲ್ಲಿ ಹೇಳಹೊರಟಿರುವ ಯಂತ್ರಕ್ಕೆ ಇವಾವುವೂ ಇಲ್ಲ. ಅದು ಕಂಪ್ಯೂಟರಿನೊಳಗಿದ್ದು, ಬರೆದಿಟ್ಟ ನಿಯಮಗಳನ್ನು ಓದಿ, ಅವುಗಳಿಗೆ ತಕ್ಕಂತೆ ತೀರ್ಮಾನ ಹೇಳುವ ಒಂದು ವ್ಯವಸ್ಥೆ. ಇಂಗ್ಲಿಷಿನವರು ರೂಲ್ಸ್ ಎಂಜಿನ್ ಎನ್ನುವ ಇದನ್ನು ನಾವು ನಿಯಮಯಂತ್ರವೆಂದು ಕರೆಯಬಹುದು. ಬ್ಯಾಂಕಿನಲ್ಲಿಯೂ ವಿಮೆಯ ಕಛೇರಿಯಲ್ಲಿಯೂ ಇದರ ಬಳಕೆಯುಂಟು. ಆಸ್ಪತ್ರೆಯಲ್ಲಿ ಮಾತ್ರ ಇದರ ತೀರ್ಮಾನ ಮನುಷ್ಯನ ದೇಹವನ್ನೇ ಮುಟ್ಟುವುದರಿಂದ ಅಲ್ಲಿನ ವಿಚಾರವನ್ನೇ ಆರಿಸಿಕೊಂಡಿದ್ದೇನೆ.

ನಿಯಮದ ರೂಪ ಸರಳವಾದುದು: ಹೀಗಿದ್ದರೆ ಹೀಗೆ ಮಾಡು. ರೋಗಿಗೆ ಪೆನಿಸಿಲಿನ್ ಒಗ್ಗದೆಂದು ದಾಖಲೆಯಲ್ಲಿದೆ. ವೈದ್ಯರು ಅಮಾಕ್ಸಿಸಿಲಿನ್ ಬರೆಯುತ್ತಾರೆ. ಅದೂ ಪೆನಿಸಿಲಿನ್ ಗುಂಪಿನ ಔಷಧವೇ. ಈ ಮೂರು ಸಂಗತಿಗಳು ಕೂಡಿದ ಕ್ಷಣದಲ್ಲಿ ಯಂತ್ರ ಎಚ್ಚರಿಕೆ ಕೊಡುತ್ತದೆ. ತಡೆಯುವ ಅಥವಾ ಮುಂದುವರಿಯುವ ಅಧಿಕಾರ ವೈದ್ಯರಲ್ಲೇ ಉಳಿಯುತ್ತದೆ.

ಇಷ್ಟಕ್ಕೆ ಬೇರೆ ಯಂತ್ರವೇಕೆ, ಸಾಮಾನ್ಯ ಪ್ರೋಗ್ರಾಮಿನಲ್ಲೇ ಇದನ್ನು ಬರೆದರಾಗದೆ ಎಂದು ಯಾರಾದರೂ ಕೇಳಬಹುದು. ಆಗುತ್ತದೆ, ತೊಡಕು ಬರುವುದು ನಿಯಮ ಬದಲಾದ ದಿನ. ಒಂದು ಉದಾಹರಣೆ ನೋಡೋಣ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮೂತ್ರಪಿಂಡ ತೀರ ಬಲಗುಂದಿದವರಿಗೆ ಕೊಡಬಾರದು. ಇದನ್ನು ನಿರ್ಧರಿಸಲು ಅಮೆರಿಕದಲ್ಲಿ ಮೊದಲು ರಕ್ತದ ಕ್ರಿಯಾಟಿನಿನ್ ಅಳತೆಯನ್ನು ನೋಡುತ್ತಿದ್ದರು. ಡೆಸಿಲೀಟರಿಗೆ ಗಂಡಸರಲ್ಲಿ 1.5, ಹೆಂಗಸರಲ್ಲಿ 1.4 ಮಿಲಿಗ್ರಾಂ ಮುಟ್ಟಿದರೆ ಮಾತ್ರೆ ನಿಷಿದ್ಧ. 2016ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಕ್ರಮವನ್ನು ಬದಲಿಸಿತು. ವಯಸ್ಸು ಮೊದಲಾದುವನ್ನೂ ಸೇರಿಸಿ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಲೆಕ್ಕಹಾಕಬೇಕು, ಅದು ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಕೊಡಬಾರದು ಎಂದಿತು. ನಿಯಮವು ಸಾವಿರಾರು ಸಾಲುಗಳ ಪ್ರೋಗ್ರಾಮಿನಲ್ಲಿ ಹೂತುಹೋಗಿದ್ದರೆ ಅದನ್ನು ಹುಡುಕಿ ತಿದ್ದುವವರು ಯಾರು? ನಿಯಮಗಳೆಲ್ಲ ಬೇರೆ ಕಡತದಲ್ಲಿದ್ದರೆ ಆ ಒಂದು ಸಾಲನ್ನು ತಿದ್ದಿದರಾಯಿತು.

ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಪರಿಚಿತ ವಿಚಾರವಾಗಿ ತೋರಿತು. ಕಾನೂನನ್ನು ಶಾಸನಸಭೆ ಮಾಡುತ್ತದೆ, ಅಧಿಕಾರಿ ನಡೆಸುತ್ತಾನೆ. ಕಾನೂನು ಅಧಿಕಾರಿಯ ಮನಸ್ಸಿನಲ್ಲಷ್ಟೇ ಇದ್ದರೆ ಪ್ರಜೆ ಅದನ್ನು ಓದಲಾರ, ಪ್ರಶ್ನಿಸಲಾರ. ಹಾಗೆಯೇ ಇಲ್ಲಿ ನಿಯಮಗಳನ್ನು ಮಾಡುವವರು ವೈದ್ಯರು, ನಡೆಸುವುದು ಯಂತ್ರ.

ಈ ಮಾರ್ಗಕ್ಕೆ ಐವತ್ತು ವರ್ಷಗಳ ಇತಿಹಾಸವುಂಟು. ಅಮೆರಿಕದ ಇಂಡಿಯಾನಾಪೊಲಿಸ್ಸಿನ ಡಾ. ಕ್ಲೆಮೆಂಟ್ ಮೆಕ್‌ಡೊನಾಲ್ಡರು 1976ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗಮನಿಸಬೇಕಾದ ಸಂಗತಿಗಳನ್ನು ಕಂಪ್ಯೂಟರು ನೆನಪಿಸಿದಾಗ ವೈದ್ಯರು ಶೇಕಡ 51ರಷ್ಟಕ್ಕೆ ಕ್ರಮ ಕೈಗೊಂಡರು. ನೆನಪಿಸದಿದ್ದಾಗ ಶೇಕಡ 22ರಷ್ಟಕ್ಕೆ ಮಾತ್ರ. ವೈದ್ಯರಿಗೆ ವಿದ್ಯೆಯ ಕೊರತೆಯಿರಲಿಲ್ಲ. ಒಬ್ಬ ಮನುಷ್ಯ ಒಂದು ದಿನದಲ್ಲಿ ಗಮನಿಸಬಲ್ಲ ಸಂಗತಿಗಳಿಗೆ ಮಿತಿಯುಂಟು ಎಂಬುದು ಅವರ ವಾದ. ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮೊದಲಾದವರು ಮೈಸಿನ್ ಎಂಬುದನ್ನು ರಚಿಸಿದರು. ರಕ್ತದ ಸೋಂಕಿಗೂ ಮಿದುಳ ಪೊರೆಯ ಸೋಂಕಿಗೂ ತಕ್ಕ ಔಷಧವನ್ನು ಅದು ಸೂಚಿಸುತ್ತಿತ್ತು. ದಿನನಿತ್ಯದ ಚಿಕಿತ್ಸೆಯಲ್ಲಿ ಅದನ್ನು ಬಳಸಲೇ ಇಲ್ಲ. ಆದರೆ ಅದರಲ್ಲೊಂದು ವಿಶೇಷವಿತ್ತು. “ಏಕೆ?” ಎಂದು ಕೇಳಿದರೆ ತಾನು ಯಾವ ನಿಯಮವನ್ನು ಅನುಸರಿಸುತ್ತಿರುವೆನೆಂದು ಅದು ತೋರಿಸುತ್ತಿತ್ತು.

ಈ ಯಂತ್ರಕ್ಕೆ ದೋಷಗಳೂ ಇವೆ. ಒಂದು, ಅತಿಯಾದ ಎಚ್ಚರಿಕೆ. ಸಣ್ಣ ಸಣ್ಣ ವಿಷಯಕ್ಕೂ ಗಂಟೆ ಬಾರಿಸುತ್ತಿದ್ದರೆ ವೈದ್ಯರು ಓದದೆಯೇ ಅದನ್ನು ಒತ್ತಿ ಮುಚ್ಚುತ್ತಾರೆ. ನಿಜವಾದ ಅಪಾಯದ ಗಂಟೆಯೂ ಆ ಗದ್ದಲದಲ್ಲಿ ಮುಳುಗುತ್ತದೆ. ಇನ್ನೊಂದು, ದಾಖಲೆಗಳ ಭಿನ್ನತೆ. ನಿಯಮಗಳನ್ನು ಆಸ್ಪತ್ರೆಗಳು ಹಂಚಿಕೊಳ್ಳಲೆಂದು 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಆರ್ಡನ್ ಹೌಸಿನಲ್ಲಿ ತಜ್ಞರು ಸೇರಿದರು. ಅದರ ಫಲವೇ ಆರ್ಡನ್ ಸಿಂಟ್ಯಾಕ್ಸ್ ಎಂಬ ಬರವಣಿಗೆಯ ಕ್ರಮ. ಅದರಲ್ಲಿ ನಿಯಮದ ಜೊತೆಗೆ ಬರೆದವರ ಹೆಸರು, ದಿನಾಂಕ, ಉದ್ದೇಶ ಇವನ್ನೂ ನಮೂದಿಸಬೇಕು. ಆದರೂ ಒಂದು ಆಸ್ಪತ್ರೆ “ಕ್ರಿಯಾಟಿನಿನ್” ಎಂದು ಬರೆದುದನ್ನು ಇನ್ನೊಂದು ಬೇರೆ ಸಂಕೇತದಲ್ಲಿ ಬರೆದಿರುತ್ತದೆ. ಆ ಭಾಗವನ್ನು ಪ್ರತಿಯೊಂದು ಆಸ್ಪತ್ರೆಯೂ ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು. ಅಲ್ಲದೆ ದಾಖಲೆಯೇ ತಪ್ಪಾಗಿದ್ದರೆ ಎಂತಹ ಒಳ್ಳೆಯ ನಿಯಮವೂ ಕಾಯಲಾರದು.

ನಮ್ಮ ಮನೆಯಲ್ಲಿ ಔಷಧದ ಚೀಟಿಯನ್ನು ಓದಿ ಹೇಳುವ ಕೆಲಸ ನನ್ನದು. ಓದಿ ಮುಗಿಸಿದ ಮೇಲೆ ಅಜ್ಜಿ ಕೇಳುವುದು ಒಂದೇ ಮಾತು: “ಈ ಮಾತ್ರೆ ಬಿಟ್ಟು ಆ ಮಾತ್ರೆ ಏಕೆ ಕೊಟ್ಟರು?” ಚೀಟಿಯಲ್ಲಿ ಅದಕ್ಕೆ ಉತ್ತರವಿರುವುದಿಲ್ಲ. ಈಚೆಗೆ ಅಪಾರ ದಾಖಲೆಗಳಿಂದ ತಾವೇ ಕಲಿಯುವ ಕಂಪ್ಯೂಟರುಗಳು ಬಂದಿವೆ. ಅವು ನಿಯಮಯಂತ್ರಕ್ಕಿಂತ ಚುರುಕಾಗಿರಬಹುದು. ಆದರೆ ತೀರ್ಮಾನದ ಕಾರಣವನ್ನು ಅವುಗಳಿಂದ ತಿಳಿಯುವುದು ಎಷ್ಟೋ ವೇಳೆ ಕಷ್ಟ. ನಿಯಮಯಂತ್ರದಲ್ಲಾದರೋ ಕಾರಣ ಬರೆದಿಟ್ಟಿದೆ, ಅದನ್ನು ಬರೆದವರೂ ಇದ್ದಾರೆ. ಆ ಬರಹವನ್ನು ರೋಗಿಗೆ ತಿಳಿಯುವ ಮಾತಿನಲ್ಲಿ, ನಮ್ಮಲ್ಲಾದರೆ ಕನ್ನಡದಲ್ಲಿ, ಚೀಟಿಯ ಕೆಳಗೆ ಒಂದು ಸಾಲಾಗಿ ಮುದ್ರಿಸುವುದು ಯಂತ್ರಕ್ಕೆ ಅಸಾಧ್ಯವೇನೂ ಅಲ್ಲ. ಹಾಗೆ ಮಾಡುವುದು ಆಸ್ಪತ್ರೆಗಳ ಕರ್ತವ್ಯವೆಂದೂ, ಹಾಗೆ ಕೇಳುವುದು ಓದುಬಲ್ಲ ನಮ್ಮೆಲ್ಲರ ಕರ್ತವ್ಯವೆಂದೂ ನಾನು ತಿಳಿದಿದ್ದೇನೆ.