ಸಿಪಾಯಿಯ ಪಿಂಚಣಿ: ಅದರ ಯೋಗವೂ ಕ್ಷೇಮವೂ

ಇಲ್ಲದುದನ್ನು ಗಳಿಸುವುದು ಯೋಗವೆಂದೂ, ಗಳಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ನಮ್ಮ ಹಿರಿಯರು ವಿಂಗಡಿಸಿದರು. ಇವೆರಡೂ ಕೂಡಿದಲ್ಲದೆ ಸಂಸಾರವು ನಡೆಯಲಾರದು. ದಂಡಿನಲ್ಲಿ ದುಡಿದು ಮನೆಗೆ ಮರಳಿದವನ ಪಿಂಚಣಿಯ ವಿಷಯದಲ್ಲಿ ಈ ಮಾತು ಎಷ್ಟು ನಿಜವೆಂಬುದು ಸಿಪಾಯಿಗಳಿರುವ ಊರುಗಳಲ್ಲಿ ಬಾಳಿದವರಿಗೆಲ್ಲ ಗೊತ್ತು. ಹಣವು ತಿಂಗಳು ತಿಂಗಳು ಬರುತ್ತಿರುವವರೆಗೆ ಮನೆಯವರು ಅದರ ಮೂಲವನ್ನು ವಿಚಾರಿಸುವುದಿಲ್ಲ. ಯಜಮಾನನು ಕಣ್ಮುಚ್ಚಿದ ಮೇಲೆ ಯಾವ ಕಾಗದ ಎಲ್ಲಿದೆ, ಯಾವ ಕಚೇರಿಗೆ ಬರೆಯಬೇಕು ಎಂಬುದು ತಿಳಿಯದೆ ಹೆಂಡತಿ ಮಕ್ಕಳು ಅಲೆದಾಡುವರು. ಈ ಕಷ್ಟವನ್ನು ಮುಂದಾಗಿಯೇ ತಪ್ಪಿಸಿಕೊಳ್ಳುವುದು ಹೇಗೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯೋಧನ ಕುಟುಂಬವನ್ನು ಪೋಷಿಸುವ ಹೊಣೆ ರಾಜ್ಯದ್ದೆಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಕರ್ತವ್ಯದಲ್ಲಿರುವಾಗ ಮಡಿದವರ ಹೆಂಡಿರು ಮಕ್ಕಳಿಗೆ ಗ್ರಾಸವೂ ವೇತನವೂ ಸಲ್ಲಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದಾನೆ. ಕನ್ನಡನಾಡಿನ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ದತ್ತಿಯನ್ನು ಕಾಣುತ್ತೇವೆ. ಕಾದಿ ಸತ್ತವನ ಮನೆತನಕ್ಕೆ, ಅವನು ಸುರಿಸಿದ ನೆತ್ತರಿಗೆ ಪ್ರತಿಯಾಗಿ ಬಿಟ್ಟುಕೊಟ್ಟ ಭೂಮಿಯಿದು. ಇಂದು ಭೂಮಿಯ ಬದಲು ಹಣ ಬರುತ್ತದೆ, ತತ್ತ್ವವೊಂದೇ. ಪಿಂಚಣಿಯು ಸರಕಾರವು ಮನಬಂದಾಗ ನೀಡುವ ಕೃಪಾದಾನವಲ್ಲ, ಸಲ್ಲಿಸಿದ ಸೇವೆಯಿಂದ ಹುಟ್ಟಿದ ಹಕ್ಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ನಕಾರಾ ಎಂಬವರ ಮೊಕದ್ದಮೆಯಲ್ಲಿ ೧೯೮೨ನೆಯ ಡಿಸೆಂಬರ್ ೧೭ರಂದು ತೀರ್ಪಿತ್ತಿತು. ಆದುದರಿಂದ ಅರ್ಜಿ ಹಿಡಿದು ನಿಂತವನು ತಲೆತಗ್ಗಿಸಬೇಕಾದುದಿಲ್ಲ.

ಈ ಹಕ್ಕು ಯಾರಿಗೆ ಎಂಬುದು ಮೊದಲನೆಯ ಪ್ರಶ್ನೆ. ಭಾರತದ ಸೇನೆಯಲ್ಲಿ ಸಿಪಾಯಿಯಿಂದ ಸುಬೇದಾರನವರೆಗಿನವರಿಗೆ ೧೫ ವರ್ಷದ ಸೇವೆಯೂ, ಕಮಿಷನ್ ಪಡೆದ ಅಧಿಕಾರಿಗಳಿಗೆ ೨೦ ವರ್ಷದ ಸೇವೆಯೂ ಆಗಿರಬೇಕು. ಸೇವೆಯ ಕಾರಣದಿಂದ ಅಂಗವಿಕಲನಾಗಿ ಹೊರಬಂದವನಿಗೆ ಈ ಅವಧಿಯ ಕಟ್ಟು ಇಲ್ಲ. ಕೆಲವು ತಿಂಗಳ ಕೊರತೆಯನ್ನು ಮನ್ನಿಸುವ ಅವಕಾಶವೂ ನಿಯಮಗಳಲ್ಲಿರುವುದರಿಂದ, ಅಂಥವನು ಕೈಕಟ್ಟಿ ಕೂಡದೆ ಅರ್ಜಿಯನ್ನು ಹಾಕಿ ನೋಡಬೇಕು. ಅದಕ್ಕಿಂತ ಮುಂಚೆ ಬಿಟ್ಟುಬಂದವನಿಗೆ ಸಿಗತಕ್ಕದ್ದು ಇಡಿಗಂಟು ಮಾತ್ರ. ೨೦೨೨ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಂತೆ ೪ ವರ್ಷ ದುಡಿದು ಹಿಂದಿರುಗುವ ಯುವಕರಿಗೆ ಪಿಂಚಣಿಯಿಲ್ಲ. ‘ಸೇವಾನಿಧಿ’ ಎಂಬ ಮೊತ್ತವೊಂದುಂಟು. ಇಂಗ್ಲೆಂಡಿನ ಪದ್ಧತಿ ಬೇರೆ. ಅಲ್ಲಿಯ ೧೯೭೫ರ ಯೋಜನೆಯಲ್ಲಿದ್ದು ೧೯೮೮ರ ಏಪ್ರಿಲಿನ ಬಳಿಕ ಸೇನೆ ಬಿಟ್ಟವನು ೨ ವರ್ಷ ದುಡಿದಿದ್ದರೂ ಸಾಕು, ಅವನ ಪಾಲನ್ನು ಕಾದಿಟ್ಟು, ೨೦೦೬ರ ಏಪ್ರಿಲಿಗೆ ಮುಂಚಿನ ಸೇವೆಯದನ್ನು ೬೦ನೆಯ ವಯಸ್ಸಿಗೆ, ಅನಂತರದ್ದನ್ನು ೬೫ಕ್ಕೆ ಕೊಡುವರು. ಆದರೆ ಅದು ತಾನಾಗಿ ಮನೆಗೆ ಬಾರದು. ಅರ್ಜಿ ಬರೆದು ಕೇಳಿದವನಿಗೇ ಸಲ್ಲುವುದು. ಕೇಳದವನ ಹಕ್ಕು ಕಾಗದದಲ್ಲಿಯೇ ಉಳಿಯುವುದೆಂಬುದು ಎರಡು ದೇಶಗಳಿಗೂ ಸಮಾನವಾದ ನೀತಿ.

ಮೊತ್ತದ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಹವಾಲ್ದಾರನೊಬ್ಬನ ಕಡೆಯ ಸಂಬಳ ೪೦,೦೦೦ ರೂಪಾಯಿಯೆಂದು ಇಟ್ಟುಕೊಳ್ಳಿರಿ. ಅದರ ಅರ್ಧ, ಎಂದರೆ ೨೦,೦೦೦ ರೂಪಾಯಿ, ಅವನ ಮೂಲ ಪಿಂಚಣಿ. ಇದರ ಮೇಲೆ ತುಟ್ಟಿಭತ್ಯೆ ಸೇರುವುದು. ಮೂಲ ಪಿಂಚಣಿಯ ಅರ್ಧದವರೆಗೆ ಮಾರಿ ಇಡಿಗಂಟಾಗಿ ಪಡೆಯುವ ಅವಕಾಶವೂ ಉಂಟು. ಹಾಗೆ ಮಾಡಿದರೆ ತಿಂಗಳಿಗೆ ಬರುವ ಮೂಲವು ೧೦,೦೦೦ಕ್ಕೆ ಇಳಿಯುವುದು. ಆದರೆ ತುಟ್ಟಿಭತ್ಯೆಯನ್ನು ಪೂರ್ತಿ ೨೦,೦೦೦ದ ಮೇಲೆಯೇ ಎಣಿಸುವರು. ಮಾರಿದ ಭಾಗವು ೧೫ ವರ್ಷ ಕಳೆದ ಮೇಲೆ ಮತ್ತೆ ಸೇರಿಕೊಳ್ಳುವುದು. ಇಡಿಗಂಟನ್ನು ಕಂಡ ಕೂಡಲೇ ಮದುವೆಯ ಚಪ್ಪರಕ್ಕೂ ದೊಡ್ಡ ಮನೆಯ ತಾರಸಿಗೂ ಸುರಿದು, ಮುಂದಿನ ೧೫ ವರ್ಷ ಕೈಹಿಡಿದು ನಡೆಯುವವರು ಕಡಿಮೆಯಲ್ಲ. ಮಗಳ ಓದು, ಹಳೆಯ ಸಾಲದ ತೀರುವಳಿ, ನೀರಾವರಿಯ ಬಾವಿ, ಇಂಥ ಫಲಕೊಡುವ ಕಾರ್ಯವಿದ್ದರೆ ಮಾರುವುದು ಉಚಿತ; ಇಲ್ಲವಾದರೆ ಮಾರದಿರುವುದೇ ಲೇಸು.

ಇನ್ನು ಪಡೆಯುವ ಬಗೆ. ಸೇವೆಯು ಮುಗಿಯುವ ಮೊದಲೇ ದಳದವರೂ, ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನವರೂ ಕಾಗದಪತ್ರಗಳನ್ನು ಸಿದ್ಧಪಡಿಸುವರು. ನಮ್ಮ ನಾಡಿನಲ್ಲಿ ಮರಾಠಾ ಲಘುಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿಯೂ, ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರವು ಬೆಂಗಳೂರಿನಲ್ಲಿಯೂ ಇವೆ. ಭೂಸೇನೆಯವರಿಗೆ ಪಿಂಚಣಿಯ ಆಜ್ಞಾಪತ್ರವು ಪ್ರಯಾಗರಾಜದ ಲೆಕ್ಕಾಧಿಕಾರಿಗಳ ಕಚೇರಿಯಿಂದ ಹೊರಡುವುದು. ಇದನ್ನು ಎಲ್ಲರೂ ‘ಪಿ.ಪಿ.ಓ.’ ಎನ್ನುವರು. ಹಿಂದೆ ಬ್ಯಾಂಕುಗಳೂ ಖಜಾನೆಗಳೂ ಪಿಂಚಣಿಯ ಲೆಕ್ಕವಿಟ್ಟು ಬಟವಾಡೆ ಮಾಡುತ್ತಿದ್ದುವು. ೨೦೨೦ರ ಈಚೆಗೆ ‘ಸ್ಪರ್ಶ್’ ಎಂಬ ಗಣಕವ್ಯವಸ್ಥೆಯು ಬಂದು, ಹಣವು ನೇರವಾಗಿ ಪಿಂಚಣಿದಾರನ ಬ್ಯಾಂಕಿನ ಖಾತೆಗೆ ಜಮೆಯಾಗುತ್ತಿದೆ. ಹೆಸರು ಸ್ಪರ್ಶವಾದರೂ ಕೈಗೆ ತಾಕುವ ಪುಸ್ತಕವೊಂದೂ ಇಲ್ಲದಿರುವುದರಿಂದ ವೃದ್ಧರು ತಬ್ಬಿಬ್ಬಾಗುವುದು ಸಹಜ. ಹಲವು ಬ್ಯಾಂಕುಗಳಲ್ಲಿಯೂ ಸಾಮಾನ್ಯ ಸೇವಾಕೇಂದ್ರಗಳಲ್ಲಿಯೂ ಇದಕ್ಕೆ ಸಹಾಯವುಂಟು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಲ್ಲಿಯೂ ವಿಚಾರಿಸಬಹುದು.

ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಹುಟ್ಟುವುದು ಹೆಸರಿನಿಂದ. ಮದುವೆಯಾದುದು, ಮಕ್ಕಳಾದುದು ಸೇವೆಯಲ್ಲಿರುವಾಗಲೇ ದಳದ ಲೆಕ್ಕಕ್ಕೆ ಹತ್ತಬೇಕು. ನನಗೆ ಪರಿಚಿತವಾದ ಒಂದು ಮನೆಯಲ್ಲಿ ಸಿಪಾಯಿಯ ಹೆಂಡತಿಯನ್ನು ತವರಿನಲ್ಲಿ ಗೌರವ್ವ ಎನ್ನುತ್ತಿದ್ದರು. ದಂಡಿನ ಕಾಗದದಲ್ಲಿ ಗೌರಮ್ಮ. ಆಧಾರ್ ಚೀಟಿಯಲ್ಲಿ ಗೌರಾಬಾಯಿ. ಗಂಡನು ತೀರಿದ ಮೇಲೆ ಮೂವರೂ ಒಬ್ಬಳೇ ಎಂದು ಸಿದ್ಧಪಡಿಸಲು ಆ ತಾಯಿಗೆ ಹದಿನಾಲ್ಕು ತಿಂಗಳು ಹಿಡಿಯಿತು. “ಮೇಷ್ಟ್ರೇ, ನಾನು ನಾನೇ ಅಂತ ಯಾರ ಕೈಲಿ ಹೇಳಿಸಲಿ?” ಎಂದು ಆಕೆ ಕೇಳಿದಾಗ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಆ ತಿಂಗಳುಗಳಲ್ಲಿ ಅಂಗಡಿಯ ಸಾಲ ಬೆಳೆಯಿತು. ಹಿರಿಯ ಮಗನು ಶಾಲೆ ಬಿಟ್ಟನು. ಕಡೆಗೆ ಪ್ರಮಾಣಪತ್ರವೂ, ಡಿಸ್ಚಾರ್ಜ್ ಪುಸ್ತಕದಲ್ಲಿದ್ದ ಒಂದು ಸಾಲೂ ಆಕೆಯನ್ನು ಕಾಪಾಡಿದುವು. ಬಾಕಿಯ ಹಣವೆಲ್ಲವೂ ಬಂದಿತು. ಮಗನ ಓದು ಮಾತ್ರ ಹಿಂದಿರುಗಲಿಲ್ಲ. ಗಂಡನು ಬದುಕಿರುವಾಗ ಒಂದು ಅರ್ಜಿ ಬರೆದು ಹೆಸರನ್ನು ತಿದ್ದಿಸಿದ್ದರೆ ಸಾಕಾಗುತ್ತಿತ್ತು.

ವಿಧವೆಗೆ ಸಲ್ಲುವ ಕುಟುಂಬ ಪಿಂಚಣಿಯು ಸಾಧಾರಣವಾಗಿ ಕಡೆಯ ಸಂಬಳದ ನೂರಕ್ಕೆ ೩೦. ಮೇಲಿನ ಉದಾಹರಣೆಯಲ್ಲಿ ಅದು ೧೨,೦೦೦ ರೂಪಾಯಿಯಾಗುವುದು. ಸೇವೆಯ ಕಾರಣದಿಂದ ಮರಣವಾದರೆ ನೂರಕ್ಕೆ ೬೦. ಯುದ್ಧದಲ್ಲಿ ಮಡಿದವನ ಕುಟುಂಬಕ್ಕೆ ಕಡೆಯ ಸಂಬಳದಷ್ಟೂ ಸಲ್ಲುವುದು. ವಿಧವೆಯ ತರುವಾಯ ಮಕ್ಕಳಿಗೆ ೨೫ ವರ್ಷದವರೆಗೆ ಹಕ್ಕುಂಟು. ದುಡಿಯಲಾರದ ಅಂಗವಿಕಲ ಮಗುವಿಗೆ ಜೀವಮಾನಪರ್ಯಂತ ಸಿಗಬಹುದು. ಅಂಥ ಮಗುವುಳ್ಳ ತಂದೆತಾಯಿಗಳು ತಾವು ಬದುಕಿರುವಾಗಲೇ ವೈದ್ಯರ ಪ್ರಮಾಣಪತ್ರವನ್ನು ಮಾಡಿಸಿ ಹೆಸರನ್ನು ನೋಂದಾಯಿಸತಕ್ಕದ್ದು.

ಪಡೆದ ಮೇಲೆ ಕ್ಷೇಮದ ಮಾತು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ಪಿಂಚಣಿದಾರನು ತಾನು ಜೀವಂತನಿರುವೆನೆಂದು ತೋರಿಸಬೇಕು. ೨೦೧೪ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಪದ್ಧತಿಯಿಂದ ಬೆರಳಚ್ಚನ್ನೊತ್ತಿ ಇದನ್ನು ಮುಗಿಸಬಹುದು. ಇದನ್ನು ಮರೆತರೆ ಪಿಂಚಣಿ ನಿಲ್ಲುವುದು. ೮೦ ವರ್ಷ ತುಂಬಿದವರಿಗೆ ಮೂಲದ ಮೇಲೆ ನೂರಕ್ಕೆ ೨೦ರಷ್ಟು ಹೆಚ್ಚುವರಿ ಸಲ್ಲುವುದು. ಮುಂದೆ ೫ ವರ್ಷಕ್ಕೊಮ್ಮೆ ಏರುತ್ತ ನೂರನೆಯ ವಯಸ್ಸಿಗೆ ಇಮ್ಮಡಿಯಾಗುವುದು. ಜನ್ಮದಿನಾಂಕವು ಕಾಗದದಲ್ಲಿ ಸರಿಯಾಗಿರಬೇಕೆಂಬುದಕ್ಕೆ ಇದೂ ಒಂದು ಕಾರಣ. ಪಿಂಚಣಿದಾರನು ಮೃತನಾದರೆ ಕೂಡಲೇ ತಿಳಿಸತಕ್ಕದ್ದು. ಅನಂತರ ತೆಗೆದ ಹಣವನ್ನು ಹಿಂದಕ್ಕೆ ವಸೂಲು ಮಾಡುವರು.

ಸಾಲ ಕೊಟ್ಟವರ ವಿಷಯದಲ್ಲಿ ಒಂದು ಧೈರ್ಯದ ಮಾತುಂಟು. ೧೮೭೧ರ ಪಿಂಚಣಿ ಕಾಯಿದೆಯು ಇನ್ನೂ ಜಾರಿಯಲ್ಲಿದೆ. ಬರತಕ್ಕ ಪಿಂಚಣಿಯನ್ನು ಸಾಲಕ್ಕಾಗಿ ಜಪ್ತಿಮಾಡಕೂಡದೆಂದು ಅದರ ೧೧ನೆಯ ಕಲಮು ಹೇಳುತ್ತದೆ. ಮುಂದೆ ಬರಲಿರುವ ಪಿಂಚಣಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೆ ಆ ಪತ್ರವು ೧೨ನೆಯ ಕಲಮಿನಂತೆ ಊರ್ಜಿತವಾಗುವುದಿಲ್ಲ. ಪಿ.ಪಿ.ಓ. ಕಾಗದವನ್ನು ಒತ್ತೆಯಿಡೆಂದು ಕೇಳುವ ಸಾಹುಕಾರನಿಗೆ ಇದನ್ನು ಧೈರ್ಯವಾಗಿ ತಿಳಿಸಬಹುದು. ಈಗಿನ ಕಳ್ಳರು ಫೋನಿನಲ್ಲಿ ಬರುವರು. ‘ನಿಮ್ಮ ಪಿಂಚಣಿ ನಿಂತಿದೆ, ಗುಪ್ತಸಂಖ್ಯೆ ಹೇಳಿರಿ’ ಎನ್ನುವವನು ಎಷ್ಟು ವಿನಯದಿಂದ ಮಾತಾಡಿದರೂ ಅವನಿಗೆ ಉತ್ತರ ಕೊಡತಕ್ಕದ್ದಲ್ಲ.

ಪ್ರತಿಯೊಬ್ಬ ಗೃಹಸ್ಥನೂ ಡಿಸ್ಚಾರ್ಜ್ ಪುಸ್ತಕ, ಪಿ.ಪಿ.ಓ., ದಂಪತಿಗಳ ಜಂಟಿ ಭಾವಚಿತ್ರ, ವಿವಾಹದ ಮತ್ತು ಮಕ್ಕಳ ಜನನದ ದಾಖಲೆ, ಬ್ಯಾಂಕಿನ ಪುಸ್ತಕ ಇವುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು, ಬಿಡುವಿನ ದಿನವೊಂದರಲ್ಲಿ ಮನೆಯಾಕೆಯನ್ನು ಹತ್ತಿರ ಕೂರಿಸಿಕೊಂಡು ಒಂದೊಂದನ್ನಾಗಿ ಓದಿ ಹೇಳಲಿ. ಗಂಡನ ಮರಣದ ಮಾತನ್ನೆತ್ತುವುದು ಅಶುಭವೆಂದು ಆಕೆ ತಡೆಯಬಹುದು. ಕೇಳದೆ ಕಷ್ಟಕ್ಕೆ ಬೀಳುವುದಕ್ಕಿಂತ ಕೇಳಿ ನಿಶ್ಚಿಂತಳಾಗಿರುವುದೇ ಶುಭವೆಂದು ಸಮಾಧಾನದಿಂದ ತಿಳಿಯಹೇಳಬೇಕು.