ಮದುವೆ ಬಯಲಲ್ಲೇ? ಸೂರ್ಯನಿಗೂ ಕಳಿಸಿ ಕರೆಯೋಲೆ

ಮಗಳ ಮದುವೆ ಗೊತ್ತಾಯ್ತಾ? ಅಥವಾ ತಂಗಿಯದೋ, ನಾದಿನಿಯದೋ? ಹಾಗಾದರೆ ನಿಮ್ಮ ಮನೆಯಲ್ಲಿ ಈಗಾಗಲೇ ಈ ಮಾತು ಬಂದಿರಲೇಬೇಕು. 'ಅಮ್ಮಾ, ಛತ್ರದೊಳಗೆ ಬೇಡ, ಹೊರಗಡೆ ಮಾಡೋಣ. ಫೋಟೊ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ!' ಮದುವೆಯೇ ಬಯಲಲ್ಲಿ ಆಗದಿದ್ದರೂ ಅದಕ್ಕೆ ಮುಂಚೆ ಒಂದು ದಿನ ಹುಡುಗ-ಹುಡುಗಿ ಬೆಟ್ಟಕ್ಕೋ ಹೊಳೆದಂಡೆಗೋ ಹೋಗಿ ಫೋಟೊ ತೆಗೆಸಿಕೊಳ್ಳುವುದು ಈಗ ತಾಂಬೂಲದ ಚೀಲದಷ್ಟೇ ಮಾಮೂಲು.

ಒಳ್ಳೆಯದೇ ಬಿಡಿ, ಬೇಡ ಅನ್ನುವುದೇಕೆ? ಹಾಗೆ ನೋಡಿದರೆ ನಮ್ಮ ಅಜ್ಜಿಯರ ಮದುವೆ ಆದದ್ದೂ ಮನೆ ಮುಂದಿನ ಚಪ್ಪರದಲ್ಲೇ ಅಲ್ಲವೇ? ಆದರೆ ಒಂದು ವಿಷಯ ಗಮನಿಸಿದ್ದೀರಾ? ನಾವು ಮೊದಲು ಜಾಗ ಹುಡುಕುತ್ತೇವೆ. ಆಮೇಲೆ ಅಡುಗೆಯವರು, ಆಮೇಲೆ ಸೀರೆ, ಆಮೇಲೆ ಫೋಟೊಗ್ರಾಫರ್. ಆ ಜಾಗದಲ್ಲಿ ಯಾವ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆ ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೊರಗಡೆ ಫೋಟೊ ಚೆನ್ನಾಗಿ ಬರುವುದೂ ಕೆಡುವುದೂ ತೊಂಬತ್ತು ಪಾಲು ಇದರ ಮೇಲೇ ನಿಂತಿದೆ ಅಂತ ನನ್ನ ಅನಿಸಿಕೆ. ಎಂಥ ದುಬಾರಿ ಕ್ಯಾಮೆರಾ ತಂದರೂ ನಡುಮಧ್ಯಾಹ್ನದ ಸೂರ್ಯನ ಮುಂದೆ ಅದರ ಆಟ ಅಷ್ಟಕ್ಕಷ್ಟೇ.

ನಮ್ಮ ಮುಹೂರ್ತಗಳನ್ನೇ ನೋಡಿ. ಹೆಚ್ಚಿನವು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆಯೊಳಗೆ. ಅಭಿಜಿನ್ ಲಗ್ನ ಅಂದರಂತೂ ಸೂರ್ಯ ನೆತ್ತಿಯ ಮೇಲೇ. ಆಗ ಬೆಳಕು ನೇರವಾಗಿ ಮೇಲಿನಿಂದ ಬೀಳುತ್ತದೆ. ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ. ಹಣೆ, ಕೆನ್ನೆ ಫಳಫಳ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ! ಜರಿಯಂಚು ಕನ್ನಡಿಯ ಹಾಗೆ ಹೊಳೆದು ಸೀರೆಯ ಕುಸುರಿ ಕಾಣುವುದೇ ಇಲ್ಲ. ವರನ ಬಿಳಿ ಪಂಚೆ, ಶಲ್ಯ ಬರೀ ಬಿಳಿ ಹಾಳೆಯಂತಾಗುತ್ತದೆ. ಹೀಗೆ ಬೆಳಕು ಜಾಸ್ತಿಯಾಗಿ ಅಳಿಸಿಹೋದ ಬಿಳಿಯನ್ನು ಕಂಪ್ಯೂಟರ್‌ನಲ್ಲಿ ಕೂಡ ಮರಳಿ ತರುವುದು ಕಷ್ಟ.

ಹಾಗಂತ ಫೋಟೊಗೋಸ್ಕರ ಮುಹೂರ್ತ ಬದಲಿಸಿ ಅಂತ ಪುರೋಹಿತರನ್ನು ಕೇಳಲಾಗುತ್ತದೆಯೇ? ಬೇಕಾಗಿಲ್ಲ. ಮುಹೂರ್ತದ ಗಂಟೆ ಗೊತ್ತಾದ ಮೇಲೆ, ಮದುವೆಗೆ ಒಂದು ವಾರ ಮುಂಚೆ ಸರಿಯಾಗಿ ಅದೇ ಹೊತ್ತಿಗೆ ಆ ಜಾಗಕ್ಕೆ ಹೋಗಿ ನಿಲ್ಲಿ. ಸಂಜೆ ಆರಾಮವಾಗಿ ಕಾಫಿ ಕುಡಿಯುತ್ತಾ ನೋಡಿಕೊಂಡು ಬಂದರೆ ಉಪಯೋಗವಿಲ್ಲ! ಸಾಧ್ಯವಾದರೆ ಫೋಟೊಗ್ರಾಫರನ್ನೂ ಕರೆದುಕೊಂಡು ಹೋಗಿ. ವಧೂವರರನ್ನು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಾರಲ್ಲ, ಬೆಳಗಿನ ಮುಹೂರ್ತವಾದರೆ ಬಿಸಿಲು ನೇರ ಕಣ್ಣಿಗೆ. ಹುಡುಗಿ ಕಣ್ಣು ಕಿರಿದು ಮಾಡಿಕೊಂಡು ಕೂತದ್ದನ್ನು ನೋಡಿ ನೆಂಟರು 'ಯಾಕೋ ಹುಡುಗಿಗೆ ಇಷ್ಟವಿಲ್ಲವೇನೋ' ಅಂದಾರು!

ಇದಕ್ಕೆ ಉಪಾಯ ಮಂಟಪದ ಮೇಲ್ಛಾವಣಿಯಲ್ಲಿದೆ. ಶಾಮಿಯಾನದವರು ತರುವುದು ಸಾಧಾರಣವಾಗಿ ಕೆಂಪು, ಹಳದಿ, ನೀಲಿ ಪಟ್ಟೆಯ ಬಟ್ಟೆ. ಬಿಸಿಲು ಅದರಿಂದ ಸೋಸಿ ಬಂದರೆ ಕೆಳಗಿದ್ದವರ ಮುಖಕ್ಕೆಲ್ಲ ಅದೇ ಬಣ್ಣ. ಅರ್ಧ ಮುಖ ಕೆಂಪು, ಅರ್ಧ ಹಳದಿ. ಇದನ್ನು ಆಮೇಲೆ ಸರಿ ಮಾಡುವುದು ತಲೆನೋವಿನ ಕೆಲಸ. ಅದರ ಬದಲು ಮಂಟಪದ ಮೇಲಷ್ಟಾದರೂ ಬಿಳಿ ಅಥವಾ ಕೆನೆಬಣ್ಣದ ಬಟ್ಟೆ ಕಟ್ಟಿಸಿ. ಬಿಸಿಲು ಹದವಾಗಿ, ಹಾಲಿನಂತೆ ಎಲ್ಲ ಕಡೆ ಹರಡುತ್ತದೆ. ತೆಂಗಿನ ಗರಿಯ ಚಪ್ಪರ ಹಾಕಿಸುವುದಾದರೆ ಗರಿ ಒತ್ತಾಗಿರಲಿ. ಇಲ್ಲವಾದರೆ ಸಂದಿಗಳಿಂದ ಬಿದ್ದ ಬಿಸಿಲ ಚುಕ್ಕೆಗಳು ಮದುಮಗಳ ಮುಖದ ಮೇಲೆ ಕಲೆಗಳ ಹಾಗೆ ಕೂರುತ್ತವೆ. ಮರದಡಿಯ ಫೋಟೊಗೂ ಇದೇ ಮಾತು.

ಇನ್ನು ಜೋಡಿಯ ಫೋಟೊ, ಮನೆಯವರ ಫೋಟೊ. ಇವುಗಳ ಸಮಯವಾದರೂ ನಮ್ಮ ಕೈಯಲ್ಲೇ ಇದೆಯಲ್ಲ! ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ. ಆಗ ಬೆಳಕು ಓರೆಯಾಗಿ, ಹೊಂಬಣ್ಣದಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು 6.30 ದಾಟಿದ ಮೇಲೆ, ಡಿಸೆಂಬರ್‌ನಲ್ಲಿ 6ರ ಆಸುಪಾಸು. ಹಿಂದಿನ ಸಂಜೆ ವರಪೂಜೆ ಇದ್ದರೆ ಅದಕ್ಕೆ ಮುಂಚಿನ ಮುಕ್ಕಾಲು ಗಂಟೆಯನ್ನು ಫೋಟೊಗೆಂದೇ ಎತ್ತಿಡಿ. ಧಾರೆಗೆ ಮುಂಚೆ ಜೋಡಿಯಾಗಿ ನಿಲ್ಲಿಸುವುದು ಹಿರಿಯರಿಗೆ ಇಷ್ಟವಿಲ್ಲವೇ? ಬೀಗರೂಟದ ದಿನದ ಬೆಳಿಗ್ಗೆ ಇದ್ದೇ ಇದೆ. ಬ್ಯೂಟಿಷಿಯನ್ ತಡ ಮಾಡಿದರೆ ಮಾತ್ರ ಆ ಮುಕ್ಕಾಲು ಗಂಟೆ ಕರಗಿಹೋಗುತ್ತದೆ. ಅದಕ್ಕೇ ಅವರಿಗೆ ಒಂದು ಗಂಟೆ ಮುಂಚಿನ ಸಮಯ ಹೇಳಿಬಿಡಿ, ತಪ್ಪೇನಿಲ್ಲ!

ಯಾವ ಊರು, ಯಾವ ಕಾಲ ಅಂತೀರಾ? ಧನುರ್ಮಾಸ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೇ ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಅರಳುತ್ತದೆ. ಹಿಂದೆಯೇ ಹಳದಿಯದು, ಆಮೇಲೆ ನೇರಳೆ ಜಕರಂಡ, ಏಪ್ರಿಲ್-ಮೇನಲ್ಲಿ ಕೆಂಪು ಗುಲ್‌ಮೊಹರ್. ದೂರ ಹೋಗದೆ ನಿಮ್ಮ ಬಡಾವಣೆಯ ರಸ್ತೆಯಲ್ಲೇ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಚೆಂದದ ಫೋಟೊ ಆಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ಬೇಕೆಂದರೆ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಗಿಡಗಳು ಮಲ್ಲಿಗೆ ಚೆಲ್ಲಿದ ಹಾಗೆ ಬೆಳ್ಳಗಾಗುತ್ತವೆ. ಆದರೆ ಆ ಸೊಬಗು ಎರಡು-ಮೂರು ದಿನ ಮಾತ್ರ. ತಿಂಗಳ ಮುಂಚೆ ದಿನ ಗೊತ್ತು ಮಾಡಿದರೆ ಸಿಗುವ ಭರವಸೆ ಇಲ್ಲ, ತೋಟದವರ ಪರಿಚಯ ಇದ್ದರೆ ಉಂಟು.

ಕಡಲ ತೀರ ಅಂದ ಕೂಡಲೇ ಎಲ್ಲರಿಗೂ ಸೂರ್ಯಾಸ್ತವೇ ಬೇಕು. ನಮ್ಮ ಕರಾವಳಿ ಪಶ್ಚಿಮಕ್ಕಿರುವುದರಿಂದ ಸಂಜೆ ಸೂರ್ಯ ಜೋಡಿಯ ಬೆನ್ನ ಹಿಂದೆ ಬರುತ್ತಾನೆ. ಕಪ್ಪು ನೆರಳಿನ ಚಿತ್ರ ಒಂದೆರಡು ಚೆಂದ, ಆದರೆ ಸೀರೆ, ಒಡವೆ, ಮುಖ? ಬೆಳಿಗ್ಗೆ ಹೋಗಿ ನೋಡಿ. ಬಿಸಿಲು ಊರಿನ ಕಡೆಯಿಂದ ಮುಖಕ್ಕೆ ಬೀಳುತ್ತದೆ, ಹಿಂದೆ ನೀಲಿ ಸಮುದ್ರ, ಜನವೂ ಕಡಿಮೆ. ಹೆದ್ದಾರಿಯ ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಕಡಲು ಇರುವ ಮರವಂತೆಯಂಥ ಕಡೆ ಬೆಳಿಗ್ಗೆಯೇ ವಾಸಿ. ನಂದಿಬೆಟ್ಟದ ಮಂಜು ನೋಡಲು ಚೆಂದ (ಎತ್ತರ 1,478 ಮೀಟರ್ ಇದೆಯಲ್ಲ), ಆದರೆ ಶನಿವಾರ, ಭಾನುವಾರ ಫೋಟೊದಲ್ಲಿ ನಿಮ್ಮ ಜೋಡಿಗಿಂತ ಅವರಿವರೇ ಹೆಚ್ಚು ಇರುತ್ತಾರೆ. ವಾರದ ನಡುವೆ ಹೋಗುವುದು ಮೇಲು.

ಉಡುಗೆಯ ವಿಷಯ ನಿಮಗೆ ನಾನು ಹೇಳಬೇಕೆ? ಆದರೂ ಎರಡು ಮಾತು. ಹಸಿರು ಹುಲ್ಲು, ಗಿಡಗಳ ನಡುವೆ ಗಿಳಿಹಸಿರು ಸೀರೆ ಕರಗಿಹೋಗುತ್ತದೆ. ಕುಂಕುಮ ಕೆಂಪು, ಮಾವಿನಹಣ್ಣಿನ ಹಳದಿ, ರಾಣಿ ಬಣ್ಣ ಎದ್ದು ಕಾಣುತ್ತದೆ. ಮೇಕಪ್ ಮಾಡಿದ ಮೇಲೆ ಕೋಣೆಯ ಲೈಟಿನಲ್ಲಿ ನೋಡಿ ಸೈ ಅನ್ನಬೇಡಿ. ಕಿಟಕಿ ಹತ್ತಿರ, ಹಗಲ ಬೆಳಕಿನಲ್ಲಿ ನೋಡಿ. ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಆಗಿರುವುದು ಅಲ್ಲೇ ಗೊತ್ತಾಗುವುದು. ಬಿಸಿಲಿಗೆ ಮಲ್ಲಿಗೆ ಬೇಗ ಬಾಡುತ್ತದೆ, ಕನಕಾಂಬರ ತಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಮೊಳ ಹೂವು ಯಾರ ಕೈಯಲ್ಲಾದರೂ ಇರಲಿ.

ಈಗ ಸ್ವಲ್ಪ ಗಂಭೀರ ವಿಷಯ. ದಯವಿಟ್ಟು ಓದದೆ ದಾಟಿಹೋಗಬೇಡಿ. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ ಮೈಸೂರಿನ ಹುಡುಗ-ಹುಡುಗಿ ಫೋಟೊಗೆಂದು ತೆಪ್ಪ ಹತ್ತಿದ್ದರು. ತೆಪ್ಪ ಮಗುಚಿ ಇಬ್ಬರೂ ಮುಳುಗಿ ತೀರಿಕೊಂಡರು. ಮದುವೆಗೆ ಕೆಲವೇ ದಿನ ಉಳಿದಿತ್ತು. ಕರೆಯೋಲೆ ಹಂಚುತ್ತಿದ್ದ ಆ ಎರಡು ಮನೆಗಳನ್ನು ನೆನೆದರೆ ಈಗಲೂ ಕರುಳು ಚುರ್ ಅನ್ನುತ್ತದೆ. ಸೀರೆ, ಲೆಹಂಗಾ, ಉದ್ದನೆಯ ಗೌನು ನೀರು ಕುಡಿದರೆ ಈಜು ಬಲ್ಲವರಿಗೂ ಕೈಕಾಲು ಆಡುವುದಿಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ತೆಪ್ಪದಲ್ಲಾಗಲಿ ಪಾಚಿ ಕಟ್ಟಿದ ಬಂಡೆಯ ಮೇಲಾಗಲಿ ನಿಲ್ಲುವುದಂತೂ ಬೇಡವೇ ಬೇಡ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮೊಣಕಾಲುದ್ದದ ಹೊಳೆ ನೋಡುತ್ತಿದ್ದಂತೆ ಏರುತ್ತದೆ. 2006ರಲ್ಲಿ 'ಮುಂಗಾರು ಮಳೆ' ಬಂದ ಮೇಲೆ ಜೋಗದ ನೆತ್ತಿಯಲ್ಲಿ ನಿಲ್ಲುವ ಆಸೆ ಎಷ್ಟೋ ಮಂದಿಗೆ. ಆ ಕಮರಿ 253 ಮೀಟರ್ ಆಳ ಇದೆ! ಎದುರಿನಿಂದ ಕಂಡರೆ ಸಾಲದೇ?

ಮಕ್ಕಳು ಹೊರಡುವಾಗ 'ಎಲ್ಲಿಗೆ' ಅಂತ ಕೇಳುತ್ತೇವಲ್ಲ, ಜೊತೆಗೆ 'ನೀರಿಗೆ ಇಳಿಯುತ್ತೀರಾ' ಅಂತಲೂ ಕೇಳಿ. ಇಳಿಯುವುದಾದರೆ ಊರಿನ ಅಂಬಿಗ ಇರಲಿ, ಲೈಫ್ ಜಾಕೆಟ್ ಇರಲಿ. ಜಾಕೆಟ್ ಹಾಕಿದರೆ ಫೋಟೊ ಚೆನ್ನಾಗಿರಲ್ಲ ಅಂದರೆ ದಡದಲ್ಲೇ ತೆಗೆಸಿಕೊಳ್ಳಲಿ. ದಡದಿಂದಲೂ ನೀರು ಕಾಣುತ್ತದೆ. ಸಾಧ್ಯವಾದರೆ ಮನೆಯವರೊಬ್ಬರು ಜೊತೆಗೆ ಹೋಗುವುದು ಒಳ್ಳೆಯದು. ಕಾವಲಿಗಲ್ಲ, ಫೋಟೊಗ್ರಾಫರ್ 'ಇನ್ನೊಂದು ಹೆಜ್ಜೆ ಹಿಂದೆ' ಅಂದಾಗ 'ಸಾಕು' ಅನ್ನಲು ಒಬ್ಬರು ಬೇಕಲ್ಲ!

ಅನುಮತಿಯ ವಿಷಯ ಫೋಟೊಗ್ರಾಫರ್ ನೋಡಿಕೊಳ್ಳುತ್ತಾರೆ ಅಂತ ಸುಮ್ಮನಿರಬೇಡಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗೆ ತಂಡ ಕಟ್ಟಿಕೊಂಡು ಹೋಗುವ ಮುಂಚೆ ತೋಟಗಾರಿಕೆ ಇಲಾಖೆಯನ್ನು ಕೇಳಿ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗ್ ಕಡೆ ತಲೆ ಹಾಕದಿರುವುದೇ ಜಾಣತನ. ಹಂಪಿಯಂಥ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಬೇಕಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಬೇಕು. ಕಾಡಿನೊಳಗೆ ಅರಣ್ಯ ಇಲಾಖೆಯದು. ಒಣಗಿದ ಬೇಸಿಗೆಯಲ್ಲಿ ಕಾಡಿನಂಚಿಗೆ ಹೋಗಿ ಬಣ್ಣದ ಹೊಗೆಯ ಕಡ್ಡಿ ಹಚ್ಚುವುದಂತೂ ಖಂಡಿತ ಬೇಡ. ಡ್ರೋನ್ ಬೇಕೆಂದರೆ 2021ರ ಡ್ರೋನ್ ನಿಯಮ ಇದೆ. 250 ಗ್ರಾಂಗಿಂತ ಭಾರದ ಡ್ರೋನ್ ತಂದರೆ ಅದರ ನೋಂದಣಿ ಸಂಖ್ಯೆ, ಹಾರಿಸುವವರ ಸರ್ಟಿಫಿಕೇಟ್ ಎರಡನ್ನೂ ಕೇಳಿ ನೋಡಿ. ವಿಮಾನ ನಿಲ್ದಾಣದ ಹತ್ತಿರವಾದರೆ ಬೇರೆಯೇ ಅನುಮತಿ. ಧಾರೆಯ ಹೊತ್ತಿಗೆ ಅದು ನೆತ್ತಿಯ ಮೇಲೆ ಬುರ್ ಅಂದರೆ ಮಂತ್ರವೂ ಕೇಳುವುದಿಲ್ಲ, ಹೋಮದ ಬೂದಿಯೆಲ್ಲ ಪುರೋಹಿತರ ಮೈಮೇಲೆ!

ನಿಮ್ಮ ಕೈಯಲ್ಲಿರುವ ಮೊಬೈಲನ್ನೂ ಕಡೆಗಣಿಸಬೇಡಿ. ಎಣ್ಣೆ ಕೈಯಲ್ಲಿ ಮುಟ್ಟಿದ ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಹಿಂದೆ ಬೆಳಕಿದ್ದು ಮುಖ ಕಪ್ಪಾಗಿ ಕಂಡರೆ ತೆರೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ, ಬೆಳಕು ಸರಿಹೋಗುತ್ತದೆ. ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಆದರೆ ಫೋಟೊಗ್ರಾಫರ್ ಎದುರಿಗೆ ಮಾತ್ರ ಅಲ್ಲ!

ಹಿರಿಯರ ಫೋಟೊ ಬಿಸಿಲೇರುವ ಮುಂಚೆಯೇ ಆಗಿಬಿಡಲಿ. ನೆರಳಿನಲ್ಲಿ ನಾಲ್ಕು ಕುರ್ಚಿ ಹಾಕಿಸಿ, ಅಜ್ಜಿ-ತಾತ, ದೊಡ್ಡಮ್ಮ-ದೊಡ್ಡಪ್ಪ ಯಾರ್ಯಾರು ಅಂತ ಚೀಟಿ ಬರೆದು ಚುರುಕಾದ ಒಬ್ಬ ಹುಡುಗನ ಕೈಗೆ ಕೊಡಿ. ಊಟದ ಗಲಾಟೆ ಶುರುವಾದ ಮೇಲೆ ಅವರನ್ನು ಹುಡುಕುವವರಿಲ್ಲ.

ಅಂದಹಾಗೆ, ಅರುಂಧತಿ ದರ್ಶನಕ್ಕೆ ಪುರೋಹಿತರು ಜೋಡಿಯನ್ನು ಹೊರಗೆ ಕರೆತರುವಾಗ ಫೋಟೊಗ್ರಾಫರ್ ಹಿಂದೆ ಓಡಿಬರುವುದಲ್ಲ, ಮೊದಲೇ ಹೊರಗೆ ನಿಂತಿರಬೇಕು. ಇಬ್ಬರೂ ಮುಖವೆತ್ತಿ ಒಂದೇ ಕಡೆ ನೋಡುವ ಆ ಗಳಿಗೆ ಅರ್ಧ ನಿಮಿಷವೂ ಇರುವುದಿಲ್ಲ. ಹಗಲಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ ಅಂತ ಹುಡುಗ ನಕ್ಕರೆ ಅದೂ ಫೋಟೊಗೆ ಚೆನ್ನ. ಏಪ್ರಿಲ್-ಮೇ ತಿಂಗಳ ಮದುವೆಯಾಗಿ ರಿಸೆಪ್ಷನ್ ಬಯಲಲ್ಲೇ ಇದ್ದರೆ, ರಾತ್ರಿ ಮೋಡವಿಲ್ಲದಿದ್ದಾಗ ಉತ್ತರದ ಆಕಾಶದಲ್ಲಿ ಸಪ್ತರ್ಷಿ ಮಂಡಲ ಎದ್ದು ಕಾಣುತ್ತದೆ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಪಕ್ಕದಲ್ಲೇ ಸಣ್ಣಗೆ ಮಿನುಗುವುದು ಅರುಂಧತಿ. ವೇದಿಕೆಯ ಲೈಟುಗಳನ್ನು ಐದು ನಿಮಿಷ ಆರಿಸಲು ಹೇಳಿ, ನೀವೇ ತೋರಿಸಿ.